ಜೀಪಿನ ಬಾಡಿಗೆ ಹಂಚುವ ರಾಮಕ್ಕ

ಎಂಬತ್ತರ ದಶಕದಲ್ಲಿ, ತಮಿಳುನಾಡಿನ ಗಡಿಯ ತಳಿ ಎಂಬ ಊರಿನ ಹೆಂಗಸರು ಒಂದೇ ಜೀಪಿನಲ್ಲಿ ಹೂವಿನ ಬುಟ್ಟಿಗಳನ್ನು ಹೇರಿಕೊಂಡು ಹೊಸೂರಿನ ಮಾರುಕಟ್ಟೆಗೆ ಹೋಗುತ್ತಿದ್ದರು. ಬಾಡಿಗೆ ಹಂಚುವವಳು ರಾಮಕ್ಕ. ದೊಡ್ಡ ಬುಟ್ಟಿಗೆ ದೊಡ್ಡ ಪಾಲು, ಹಿಂದೆ ಜೋತುಬಿದ್ದು ಬರುವವಳಿಗೆ ಅರ್ಧ ಪಾಲು. ಯಾರಾದರೂ ಕಾಲು ಚಾಚಿದರೆ, “ಆ ಜಾಗದ ಕಾಸೂ ಕೊಡ್ತೀಯೇನಮ್ಮಿ?” ಎನ್ನುವಳು. ಡ್ರೈವರನನ್ನು ತಮಿಳಿನಲ್ಲಿ ಬಯ್ಯುವಳು, ಚಿಲ್ಲರೆಯನ್ನು ತೆಲುಗಿನಲ್ಲಿ ಎಣಿಸುವಳು. ಸ್ವಂತ ಅತ್ತೆಗೂ ರಿಯಾಯಿತಿ ಇಲ್ಲ. ಒಂದು ಬೆಳಿಗ್ಗೆ, ಜೊತೆಯಲ್ಲಿ ಹೂವು ಮಾರುವ ಪಿಳ್ಳಮ್ಮನ ಮಗಳಿಗೆ ಹೆರಿಗೆ ನೋವು ಬಂದಾಗ, ರಾಮಕ್ಕನೇ ಬುಟ್ಟಿಗಳನ್ನೆಲ್ಲ ಇಳಿಸಿ, ಹುಡುಗಿಯನ್ನು ಜೀಪಿನಲ್ಲಿ ಮಲಗಿಸಿ ಹೊಸೂರಿನ ಆಸ್ಪತ್ರೆಗೆ ಕರೆದೊಯ್ದಳು. ಎಲ್ಲರ ಹೂವೂ ಊರಲ್ಲೇ ಬಾಡಿತು. ಸಂಜೆ, ಅಜ್ಜಿಯಾದ ಪಿಳ್ಳಮ್ಮ ಇಡೀ ಬಾಡಿಗೆಯನ್ನು ಮುಂದೆ ಹಿಡಿದಾಗ, ರಾಮಕ್ಕ ಅವಳ ದಿನದ ಪಾಲನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ಅವಳ ಸೆರಗಿಗೇ ಕಟ್ಟಿದಳು: “ಕೂಸು ಊರಿಗೆಲ್ಲ ಹುಟ್ಟೈತೆ ಕಣಕ್ಕಾ. ಬಾಡಿಗೆ ಎಲ್ರೂ ಹಾಕ್ತಾರೆ.”