ಮೇನ್ ದೊಡ್ಡದು ಮಾಡೋ

ಮೊದಲು ನೋವಾಗಲಿಲ್ಲ. ಮರದ ಹೊಟ್ಟು ಕೆಂಪಾಗಿದ್ದು ಕಂಡಿತು.

ಆಮೇಲೆ ಬೆರಳು ಕಂಡಿತು.

ಪೌರೋಹಿತ್ಯದ ಮನೆಯಲ್ಲಿ ಹುಟ್ಟಿ ಆದೋನಿಯಲ್ಲಿ ರಂದಾ ಮಷಿನ್ ಇಟ್ಟವನು ನಾನು. ಹಲಗೆ ನುಣುಪು ಮಾಡುವ ಈ ಯಂತ್ರದ ಬ್ಲೇಡುಗಳು ಯಾರ ಗೋತ್ರವನ್ನೂ ಕೇಳುವುದಿಲ್ಲ. ಆದ್ದರಿಂದ ಮೇನ್ ಸ್ವಿಚ್ ಬಂದ್ ಆಗದೆ ಅವನ್ನು ಮುಟ್ಟಬಾರದೆಂಬುದು ನನ್ನ ನಿಯಮ. ಆ ಶುಕ್ರವಾರ ಮಷಿನ್ನಿಗೆ ಪೂಜೆಯಾಗಿತ್ತು, ದೀಪ ಉರಿಯುತ್ತಿತ್ತು. ನಮ್ಮ ಮನೆಯಲ್ಲಿ ದೀಪ ಆರಿತು ಎನ್ನುವಂತಿಲ್ಲ, ದೊಡ್ಡದಾಯಿತು ಎನ್ನಬೇಕು. ದೇವರ ಮುಂದೆ ‘ಬಂದ್’ ಎಂಬ ಮಾತೂ ಬೇಡವೆನಿಸಿತು. ಕೆಂಪು ಗುಂಡಿ ಒತ್ತಿ ಮಷಿನ್ ನಿಲ್ಲಿಸಿದೆ. ಸ್ವಿಚ್ ಬೋರ್ಡಿನ ಹತ್ತಿರವಿದ್ದ ಭಾವಮೈದುನ ಶ್ರೀಪಾದನಿಗೆ, “ಮೇನ್ ದೊಡ್ಡದು ಮಾಡೋ” ಎಂದು ಹೇಳಿ, ಬ್ಲೇಡಿನ ಬೋಲ್ಟು ಸಡಿಲಾಗಿದೆಯೇ ಎಂದು ತೋರುಬೆರಳಿನಿಂದ ತಡವಿದೆ.

ಶ್ರೀಪಾದ ಕರ್ನೂಲಿನಲ್ಲಿ ತೆಲುಗಿನಲ್ಲೇ ಓದಿ ಬೆಳೆದವನು. ಅವರ ಕಡೆ ಆರಿದ ದೀಪ ಬೆಟ್ಟ ಹತ್ತುತ್ತದೆ, ದೊಡ್ಡದಾಗುವುದಿಲ್ಲ.

ಅವನು ಹಸಿರು ಗುಂಡಿ ಒತ್ತಿದ.

ಕ್ಯಾಶುವಾಲ್ಟಿ, ಇಂಜೆಕ್ಷನ್, ಎಕ್ಸ್‌ರೇ, ಆಪರೇಷನ್. “ತುದಿ ಹೋಗೈತ್ರಿ,” ಎಂದರು ಡಾಕ್ಟರು. “ಟೆಂಡನ್ ಹೊಲಿದೀನಿ. ಮಡಚಾಕ ಬರತೈತೋ ಇಲ್ಲೋ, ಪ್ಲಾಸ್ಟರ್ ಬಿಚ್ಚಿದ ಮ್ಯಾಲೆ ಹೇಳತೀನಿ.”

ಬ್ಲೇಡು ಕೂಡಿಸುವಾಗ ಕೂದಲೆಳೆಯಷ್ಟು ಏರುಪೇರಾದರೂ ನನಗೆ ತಿಳಿಸುತ್ತಿದ್ದುದು ಅದೇ ಬೆರಳು. ಅದು ಮರಗಟ್ಟಿದರೆ, ಮರದ ಕಸುಬಿನಲ್ಲಿ ನಾನೂ ಒಂದು ಮರ.

ಎಡಗೈಯಲ್ಲಿ ಉಣ್ಣುವುದು ಮನೆಯಲ್ಲಿ ನಿಷಿದ್ಧ. ಹೆಂಡತಿ ತುತ್ತು ಕೊಟ್ಟಳು. ಮದುವೆಯ ಭೂಮದೂಟದ ನಂತರ ಈ ಗೌರವ ಮತ್ತೆ ದೊರೆತದ್ದು ಈಗಲೇ. “ಎಲ್ಲಾನೂ ದೊಡ್ಡದು ಮಾಡಾಕ ಹೋದ್ರಿ,” ಎಂದಳು, “ಬೆರಳು ಸಣ್ಣದಾತು.”

ಶ್ರೀಪಾದ ನಗಲಿಲ್ಲ. ಬಾಗಿಲಲ್ಲೇ ಕುಳಿತಿದ್ದ. “ಭಾವಾ, ನನ್ನ ಕೈಲೇ ಆತಲ್ಲ.”

“ನಿನ್ನ ಕೈಲೆ ಅಲ್ಲಪಾ, ನನ್ನ ಬಾಯಿಲೆ. ಎದ್ದು ಉಣ್ಣು.”

ಪ್ಲಾಸ್ಟರ್ ಬಿಚ್ಚಿದರು. ಬೆರಳು ಸುಣ್ಣದ ಕಡ್ಡಿಯಂತಿತ್ತು. ಡಾಕ್ಟರು ಮಡಚಲು ಹೇಳಿದರು. ನಾನು ಹೇಳಿದೆ, ಬೆರಳು ಕೇಳಲಿಲ್ಲ. ಮತ್ತೆ ಹೇಳಿದೆ.

ಅರ್ಧ ಮಡಚಿತು.

“ಇಷ್ಟು ಸಾಕೇನ್ರಿ?” ಎಂದರು. ಸಾಕು ಎಂದೆ. ಕುಲದೇವರಿಗೂ ಅದನ್ನೇ ಹೇಳಿದೆ, ಹೆಚ್ಚಿಗೆ ಕೇಳಿದರೆ ಇದ್ದದ್ದೂ ಹೋದೀತೆಂದು.

ಕಳೆದ ಶುಕ್ರವಾರ ಮತ್ತೆ ಮಷಿನ್ ಮುಂದೆ ನಿಂತೆ. ಶ್ರೀಪಾದ ಮೇನ್ ಕೆಳಗೆಳೆದ, ಫ್ಯೂಜು ಕಿತ್ತ, ಅದನ್ನು ಪೂಜೆಯ ತಟ್ಟೆಯಲ್ಲಿ ಹೂವಿನ ಪಕ್ಕ ಇಟ್ಟ. ಆಮೇಲೆ ದೇವರ ಮುಂದೆಯೇ, ಗಂಟಲು ಸರಿಮಾಡಿಕೊಂಡು ಹೇಳಿದ:

“ಬಂದ್, ಭಾವಾ. ಬಂದ್.”

ಉಳಿದ ಬೆರಳನ್ನು ಬ್ಲೇಡಿನ ಮೇಲಿಟ್ಟೆ. ತಣ್ಣಗಿತ್ತು. ಒಂದು ಕಡೆ ಕೂದಲೆಳೆಯಷ್ಟು ಎತ್ತರವಾಗಿತ್ತು.