ನುಂಗಬ್ಯಾಡ್ರಿ ಮಾಸ್ತರ್

ಸ್ವಾತಂತ್ರ್ಯಕ್ಕೆ ಮುಂಚಿನ ಮಾತು. ನಾನಾಗ ಅಂಕಲಗಿಯಲ್ಲಿ ಸಾಲಿ ಮಾಸ್ತರ. ತಿಂದದ್ದು ಗಂಟಲಲ್ಲೇ ನಿಲ್ಲುತ್ತಿತ್ತು. ಜೋರಾಗಿ ಕೆಮ್ಮಿದರೆ ನಾಲಿಗೆಯಂಥ ಮಾಂಸದ ತುಂಡೊಂದು ಬಾಯಿಗೆ ಬಂದು, ನುಂಗಿದೊಡನೆ ಮತ್ತೆ ಒಳಗಿಳಿಯುತ್ತಿತ್ತು. ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಗೋಕಾಕದ ಡಾಕ್ಟರರೂ ಬಾಯೊಳಗೆ ನೋಡಿ, "ಏನೂ ಇಲ್ಲಲ್ರಿ" ಎಂದರು.

"ತಡೀರಿ" ಎಂದು ಕೆಮ್ಮಿದೆ.

ಅವರು ಗಾಬರಿಯಿಂದ ಎದ್ದು, ಚಿಮಟದಿಂದ ಅದನ್ನು ಹಿಡಿದು, "ನುಂಗಬ್ಯಾಡ್ರಿ ಮಾಸ್ತರ್!" ಎಂದು ಕೂಗಿದರು. ಗಂಟಲಿಗೆ ಜೋಮು ಹಿಡಿಸುವ ಔಷಧ ಹಚ್ಚಿ, ಅನ್ನನಾಳದ ಮೇಲ್ತುದಿಯಲ್ಲಿದ್ದ ಅದರ ಬುಡಕ್ಕೆ ರೇಷ್ಮೆ ದಾರ ಬಿಗಿದು ಕತ್ತರಿಸಿದರು.

"ಇದು ಕೆಟ್ಟ ಗಡ್ಡಿ ಅಲ್ರಿ, ಭಾಳ ಅಪರೂಪದ್ದು. ಆದ್ರ ಉಸಿರಿಗೆ ಅಡ್ಡ ಕುಂತಿದ್ರ ಜೀವ ಹೋಗ್ತಿತ್ತು" ಎಂದರು. ನಾನು ಕೈ ಮುಗಿದೆ.

ವಾರದ ಮೇಲೆ ಮನೆಯಲ್ಲಿ ಒಂದಿಡೀ ಜೋಳದ ರೊಟ್ಟಿ ತಿಂದೆ. ಕಣ್ಣಲ್ಲಿ ನೀರು ಇಳಿಯಿತು.

"ಚಟ್ನಿ ಭಾಳ ಖಾರ ಆತೇನ್ರಿ?" ಎಂದಳು ಹೆಂಡತಿ.

ಹೌದೆಂದು ಇನ್ನೊಂದು ರೊಟ್ಟಿ ಕೇಳಿದೆ.