ಉಗುಳಿನ ಗೋಡೆಗೆ ಮುತ್ತುಗದ ಹೂ

ನಾನು ಚಿತ್ರ ಬರೆಯಲು ಕಲಿತದ್ದು ಉಗುಳಿನಿಂದ. ಕೇಳಿದವರು ಮೂಗು ಮುರಿಯುತ್ತಾರೆ. ಮುರಿಯಲಿ, ನಾನೂ ಮೂಗು ಮುರಿಯುತ್ತಲೇ ಬರೆದದ್ದು.

ಸೇಡಂನ ಒಂದು ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತೆ ನಾನು. ಯಾವ ಕಚೇರಿ ಎಂಬುದು ಬೇಡ. ದಿನವೂ ಶಹಾಬಾದಿನಲ್ಲಿ ಪ್ಯಾಸೆಂಜರ್ ಹತ್ತಿ, ವಾಡಿ, ಚಿತ್ತಾಪುರ ದಾಟಿ ಬರುತ್ತೇನೆ. ಊರಿನ ಕಲ್ಲಿನ ಪುಡಿ, ವಾಡಿಯ ಸಿಮೆಂಟು ಧೂಳು ಎರಡನ್ನೂ ಸೀರೆಯಲ್ಲಿ ಹೊತ್ತುಕೊಂಡೇ ಬರುತ್ತೇನೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಧೂಳು ಜಾಡಿಸಿದರೆ ಹೋಗುತ್ತದೆ. ಆದರೆ ಕಚೇರಿಯ ಮೆಟ್ಟಿಲು ತಿರುಗುವ ಮೂಲೆಯಲ್ಲಿ ಆಗ ಇದ್ದದ್ದು ಜಾಡಿಸಿದರೆ ಹೋಗುವಂಥದ್ದಲ್ಲ. ಅಡಿಯಲ್ಲಿ ಒಣಗಿ ಕಂದಾದ ಹಳೆಯ ಉಗುಳು, ಅದರ ಮೇಲೆ ಹೋದ ವಾರದ ಗುಟ್ಕಾ, ಅದರ ಮೇಲೆ ಇನ್ನೂ ಇಳಿಯುತ್ತಿರುವ ಇವತ್ತಿನದು.

ಹಿಂದಿನ ಸಾಹೇಬರು ಅಲ್ಲಿ ದೇವರ ಚಿತ್ರದ ಟೈಲ್ಸ್ ಹಚ್ಚಿಸಿದ್ದರು, ಎಲ್ಲ ಧರ್ಮದ್ದೂ ಒಂದೊಂದು. ನಮ್ಮ ಜನ ಭಕ್ತಿವಂತರು. ದೇವರಿಗೆ ಒಂದು ಹನಿಯೂ ತಾಗದಂತೆ ಸುತ್ತಲೂ ಗುರಿಯಿಟ್ಟು ಉಗುಳಿದರು. ಕೊನೆಗೆ ಯಾರೋ ಮರ್ಯಾದಸ್ಥರು ಟೈಲ್ಸನ್ನೇ ಕಿತ್ತು ಒಯ್ದರು.

ಒಂದು ದಿನ ಅವಸರದಲ್ಲಿ ಹತ್ತುವಾಗ ನನ್ನ ಸೆರಗು ಆ ಹಸಿ ಗೋಡೆಗೆ ತಾಗಿತು. ಆ ಸೀರೆಯನ್ನು ಮನೆಯಲ್ಲಿ ಮೂರು ಸಲ ಒಗೆದೆ, ಕಲೆ ಹೋಗಲಿಲ್ಲ. ಹೇಸಿಗೆಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಕಿಟಕಿಯ ಸರಳುಗಳಿಗೆ ಹಚ್ಚಿ ಉಳಿದಿದ್ದ ಪೇಂಟಿನ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಮರುದಿನ ಕಚೇರಿಗೆ ಹೋದೆ. ಈಗಿನ ಸಾಹೇಬರು, "ಸರ್ಕಾರದ ಖರ್ಚಿಲ್ಲ ಅಂದ್ರ ಏನರ ಮಾಡ್ರಿ" ಎಂದರು.

ಊಟದ ಬಿಡುವಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆ ಕೆರೆದೆ, ಸೋಪಿನ ನೀರು ಹಾಕಿ ಉಜ್ಜಿದೆ. ಗಟ್ಟಿಯಾದದ್ದು ಉದುರಿತು, ಕೆಂಪು ಕಲೆಗಳು ಉಳಿದವು. ಅವನ್ನು ಪೂರ್ತಿ ಮುಚ್ಚಿಬಿಡಬೇಕೆಂದೇ ಬ್ರಷ್ ಎತ್ತಿದ್ದು. ಆದರೆ ಅಷ್ಟು ಹತ್ತಿರದಿಂದ ನೋಡಿದಾಗ, ಯುಗಾದಿಗೆ ಮುಂಚೆ ಚಿಂಚೋಳಿಯಿಂದ ಚಂದ್ರಂಪಳ್ಳಿ ಡ್ಯಾಮಿಗೆ ಹೋಗುವ ದಾರಿಯಲ್ಲಿ ಮೈತುಂಬ ಕೆಂಪಗೆ ಅರಳಿ ನಿಲ್ಲುವ ಮುತ್ತುಗ ಕಂಡಿತು. ಯಾರದೋ ಬಾಯಿಯ ಹೊಲಸಿನಲ್ಲಿ ಹೂವು ಕಂಡ ನನ್ನ ಕಣ್ಣಿನ ಮೇಲೇ ನನಗೆ ಅಸಹ್ಯವಾಯಿತು. ಆದರೂ ಒಂದು ಕಲೆಯ ಕೆಳಗೆ ಟೊಂಗೆ ಎಳೆದೆ. ಎಳೆದ ಮೇಲೆ ಬಿಡಲಾಗಲಿಲ್ಲ.

ಹನ್ನೊಂದು ವರ್ಷ ಅದೇ ರೈಲಿನಲ್ಲಿ ಓಡಾಡಿದ್ದೇನೆ, ಟೊಂಗೆ ಕಾಂಡದಿಂದ ಹೇಗೆ ಹೊರಡುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಈಗ ಕಿಟಕಿಯ ಪಕ್ಕದ ಸೀಟಿಗಾಗಿ ಜಗಳಾಡತೊಡಗಿದೆ. ಟಪಾಲಿನ ಒಡೆದ ಲಕೋಟೆಗಳನ್ನು ಬಿಚ್ಚಿ, ಒಳಮೈ ಮೇಲೆ ಎಲೆ ಗೀಚಿ ಗೀಚಿ ಕೈ ಪಳಗಿಸಿಕೊಂಡೆ. ನಲವತ್ತು ಸಮೀಪಿಸಿದ ಕೈಗೆ ಏನೋ ಬರುತ್ತದೆ ಎಂಬ ಖುಷಿ ಹೇಳತೀರದು. ಮನೆ ಎಲ್ಲರದು, ಟಪಾಲು ಸರ್ಕಾರದ್ದು, ಆ ನಾಲ್ಕು ಮೊಳದ ಗೋಡೆ ಮಾತ್ರ ನನ್ನದಾಗಿತ್ತು.

ಮೂರು ವಾರ ಯಾರೂ ಉಗುಳಲಿಲ್ಲ. ನಾಲ್ಕನೆಯ ವಾರ, ಇನ್ನೂ ಬರೆಯದೆ ಬಿಟ್ಟಿದ್ದ ಜಾಗದ ನಡುವೆ ಹಸಿ ಪಿಚಕಾರಿ ಬಿದ್ದಿತ್ತು. ನನ್ನ ಎದುರು ಟೇಬಲ್ಲಿನ ಹಿರಿಯ ಗುಮಾಸ್ತರು, ದಿನವಿಡೀ ಗುಟ್ಕಾ ಜಗಿಯುವವರು, ಪಕ್ಕದಲ್ಲೇ ನಿಂತು ನಗುತ್ತಿದ್ದರು.

"ಮೇಡಂ, ನಿಮ್ಮ ಗಿಡಕ್ಕ ನಾನೂ ಒಂದ್ ಹೂ ಕೂಡಿಸೀನಿ ನೋಡ್ರಿ."

ನನ್ನ ಮೈ ಉರಿದುಹೋಯಿತು. "ಹಂಗಾದ್ರ ಆ ಹೂವಿಗಿ ಟೊಂಗಿ ಯಾರ್ ಬರೀಬೇಕ್ರಿ ಸರ? ಹಿಡೀರಿ, ನೀವೇ ಬರೀರಿ" ಎಂದು ಬ್ರಷ್ಷನ್ನು ಅವರ ಕೈಗೆ ತುರುಕಿದೆ.

"ಏ, ಚಾಷ್ಟಿ ಮಾಡಿದ್ರ ಸಿಟ್ಟಿಗೇಳ್ತೀರಲ್ರಿ."

"ಬರೀರಿ ಅಂದೆ."

ತಮ್ಮ ಉಗುಳಿನ ವಾಸನೆಯನ್ನು ತಾವೇ ಕುಡಿಯಲಿ ಎಂಬುದಷ್ಟೇ ನನ್ನ ಆಸೆ. ಅವರು ಕಿಟಕಿಗೆ ಹೋಗಿ ಬಾಯಿ ಖಾಲಿ ಮಾಡಿ ಬಂದರು, ಗೋಡೆಗೆ ಬಗ್ಗಿ ಮುಖ ಕಿವುಚಿದರು, ಆಮೇಲೆ ಕೆಳಗಿನಿಂದ ಒಂದು ಗೆರೆ ಎಳೆದರು. ದಪ್ಪಗೆ ಹೊರಟ ಗೆರೆ ಮೇಲೆ ಹೋಗುತ್ತ ಸಣ್ಣಗಾಗಿ, ತುದಿಯಲ್ಲಿ ತಾನೇ ಬಾಗಿತು. ಮಣಿಕಟ್ಟು ತಿರುಗಿಸಿ ಮೂರು ಎಲೆ ಇಟ್ಟರು. ಪಕ್ಕದಲ್ಲಿದ್ದ ನನ್ನ ಟೊಂಗೆಗಳು ಸಲಾಕೆ ನೆಟ್ಟ ಹಾಗೆ ಕಂಡವು.

"ಹರೇದಾಗ ವಾಡಿ ಒಳಗ ಲಾರಿಗೋಳಿಗಿ ಹೂ ಬರೀತಿದ್ದೆರಿ" ಎಂದರು. ದನಿ ಬೇರೆಯಾಗಿತ್ತು. "ನೌಕರಿ ಹತ್ತಿದ ಮ್ಯಾಲ ಬ್ರಷ್ ಮುಟ್ಟೇ ಇಲ್ಲ. ಮೇಡಂ, ನಾಳೆ ಆ ಮ್ಯಾಲಿನ ಟೊಂಗಿನೂ ಬರೀಲೇನ್ರಿ?"

"ನೋಡೋಣ್ರಿ" ಎಂದೆ.

ಮರುದಿನ ಒಂದು ಗಾಡಿ ಮುಂಚೆಯೇ ಬಂದೆ. ಬಿಳಿ ಪೇಂಟ್ ತಂದಿದ್ದೆ. ಆ ಟೊಂಗೆ, ಆ ಮೂರು ಎಲೆ, ಆ ಪಿಚಕಾರಿ, ಎಲ್ಲದರ ಮೇಲೂ ಎರಡು ಕೈ ಬಳಿದೆ. ಉಗುಳುವ ಮನುಷ್ಯನ ಗುರುತು ನನ್ನ ಗೋಡೆಯ ಮೇಲೆ ಬೇಡ ಎಂದು ಮನಸ್ಸಿಗೆ ಹೇಳಿಕೊಂಡೆ. ಸುಳ್ಳು. ಅಂಥ ಗೆರೆ ಅಂಥ ಬಾಯಿಯವನಿಗೆ ಬರಬೇಕೇ, ನನಗೆ ಬರಬಾರದೇ ಎಂಬ ಹೊಟ್ಟೆಕಿಚ್ಚು ಅದು. ಹೇಸಿಗೆಯ ಹೆಸರು ಹೇಳಿ ಅದನ್ನು ತೀರಿಸಿಕೊಂಡೆ.

ಹತ್ತೂವರೆಗೆ ಅವರು ಬಂದರು. ಅಂಗಿಯ ಜೇಬಿನಲ್ಲಿ ಎರಡು ಹೊಸ ಬ್ರಷ್ಷುಗಳಿದ್ದವು. ಗೋಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಛಲೋ ಮಾಡಿದ್ರಿ ಮೇಡಂ. ಅಲ್ಲಿ ಭಾಳ ಹೊಲಸಾಗಿತ್ತು" ಎಂದು ಮೇಲೆ ಹೋದರು.

ಅವತ್ತಿನಿಂದ ಅವರು ಉಗುಳಬೇಕೆಂದಾಗಲೆಲ್ಲ ಮೆಟ್ಟಿಲಿಳಿದು ಅಂಗಳಕ್ಕೆ ಹೋಗುತ್ತಾರೆ. ಅವರನ್ನು ನೋಡಿ ಉಳಿದವರೂ ಹಾಗೇ ಮಾಡುತ್ತಾರೆ. ನನಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ಸಾಹೇಬರು ಗೋಡೆಯ ಫೋಟೋ ತೆಗೆದು ಕಚೇರಿಯ ಗ್ರೂಪಿಗೆ ಹಾಕಿದರು. ಕೆಲಸಕ್ಕೆಂದು ಬಂದವರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಗೋಡೆಯ ಹೊಲಸು ಹೋಯಿತು. ಈಗ ಆ ಮೂಲೆಗೆ ಬಂದಾಗ ಹೇಸುವುದು ನನಗೆ ನಾನೇ.

ಹೋದ ತಿಂಗಳು ತಡೆಯಲಾಗದೆ ಅವರನ್ನು ಮೂಲೆಗೆ ಕರೆದೆ. ಬ್ರಷ್ ಮುಂದೆ ಹಿಡಿದು, "ಸರ, ನಾ ತಪ್ಪು ಮಾಡೀನಿ. ಆ ಟೊಂಗಿ ಮತ್ತ ಬರೀರಿ" ಎಂದೆ.

ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ನಮಗ ಎಲ್ಲಿ ಬರ್ತದ್ರಿ ಮೇಡಂ. ಸುಮ್ಮ ಗೀಚಿದ್ದೆ. ನಿಮ್ದು ಛಂದ ಅದ, ನೀವೇ ಬರೀರಿ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅವರ ಟೊಂಗೆಯನ್ನು ಲಕೋಟೆಗಳ ಮೇಲೆ ನೆನಪಿನಿಂದ ಎಷ್ಟು ಸಲ ಬರೆದರೂ ಬರಲಿಲ್ಲ. ಆ ಜಾಗ ಬಿಳಿಯಾಗಿಯೇ ಇದೆ. ಬಂದವರು, "ಅಲ್ಲಿ ಯಾಕ ಖಾಲಿ ಬಿಟ್ಟೀರಿ?" ಎಂದು ಕೇಳುತ್ತಾರೆ. ಪೇಂಟ್ ತೀರಿತು ಎನ್ನುತ್ತೇನೆ.